ವೈದ್ಯವರೇಣ್ಯ ಥಾಮಸ್ ಹಾಜ್‌ಕಿನ್

ಗತಿಸಿದವರ ಹೆಸರು ಲೋಕದಲ್ಲಿ ಹಲವು ಬಗೆಯಿಂದ ಉಳಿಯುತ್ತದೆ. ಕೆರೆಕಟ್ಟೆಗಳನ್ನು ಕಟ್ಟಿಸಿದವರ ಹೆಸರನ್ನು ಶಿಲಾಶಾಸನವು ಹೇಳುತ್ತದೆ. ಕಾವ್ಯ ಬರೆದವರ ಹೆಸರನ್ನು ಓಲೆಗರಿ ಹೇಳುತ್ತದೆ. ದಾನಧರ್ಮ ಮಾಡಿದವರ ಹೆಸರನ್ನು ಜನರ ನಾಲಗೆಯೇ ಹೇಳುತ್ತದೆ. ಆದರೆ ಒಂದು ರೋಗಕ್ಕೆ ಅಂಟಿಕೊಂಡು ತನ್ನ ಹೆಸರು ಉಳಿಯಲೆಂದು ಯಾರೂ ಹಾರೈಸಲಾರರು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಕೆಲವರಿಗೆ ಆ ವಿಚಿತ್ರ ಕೀರ್ತಿ ಒದಗಿದೆ. ದುಗ್ಧಗ್ರಂಥಿಗಳಿಗೆ ಬರುವ ಒಂದು ಬಗೆಯ ಅರ್ಬುದರೋಗವನ್ನು ಇಂದಿಗೂ ಜಗತ್ತಿನ ಎಲ್ಲ ಆಸ್ಪತ್ರೆಗಳಲ್ಲಿಯೂ ಹಾಜ್‌ಕಿನ್ ಲಿಂಫೋಮಾ ಎಂದು ಕರೆಯುತ್ತಾರೆ. ಆ ಜಾತಿಗೆ ಸೇರದ ದುಗ್ಧಗ್ರಂಥಿಯ ಅರ್ಬುದಗಳನ್ನು ಹಾಜ್‌ಕಿನ್ ಅಲ್ಲದ ಲಿಂಫೋಮಾ ಎನ್ನುತ್ತಾರೆ. ಹೀಗೆ ಇದ್ದರೂ ಅವನ ಹೆಸರು, ಇಲ್ಲದಿದ್ದರೂ ಅವನ ಹೆಸರು. ಇಷ್ಟೊಂದು ಬಾರಿ ಉಚ್ಚರಿಸಲ್ಪಡುವ ಆ ಹೆಸರಿನ ಹಿಂದಿದ್ದ ಮನುಷ್ಯನು ಎಂಥವನು? ಅವನ ಬಾಳು ಯಾವ ಬಗೆಯದು? ಇದನ್ನು ನಮ್ಮ ಶಾಲೆಯ ಬಾಲಕ ಬಾಲಿಕೆಯರ ಮುಂದಿಡುವ ಉದ್ದೇಶದಿಂದ ನಾವು ಈ ಲೇಖನಕ್ಕೆ ತೊಡಗಿದ್ದೇವೆ.

ಥಾಮಸ್ ಹಾಜ್‌ಕಿನ್ನನು ೧೭೯೮ನೆಯ ಇಸವಿ ಆಗಸ್ಟ್ ೧೭ರಂದು ಲಂಡನ್ನಿನ ಪೆಂಟನ್‌ವಿಲ್ ಎಂಬ ಭಾಗದಲ್ಲಿ ಜನಿಸಿದನು. ತಂದೆ ಜಾನ್ ಹಾಜ್‌ಕಿನ್ನನು ಮನೆಪಾಠ ಹೇಳುವ ಶಿಕ್ಷಕನಾಗಿದ್ದನು. ಆ ಮನೆತನವು ಕ್ವೇಕರ್ ಪಂಥಕ್ಕೆ ಸೇರಿದುದು. ಕ್ವೇಕರರು ಕ್ರೈಸ್ತರಲ್ಲಿಯೇ ಒಂದು ಸಣ್ಣ ಸಮುದಾಯದವರು. ಆಡಂಬರವಿಲ್ಲದ ಉಡುಪು, ಮಿತವಾದ ಮಾತು, ಯುದ್ಧಕ್ಕೆ ವಿರೋಧ, ಗುಲಾಮರ ವ್ಯಾಪಾರಕ್ಕೆ ತೀವ್ರವಾದ ಪ್ರತಿಭಟನೆ ಇವು ಅವರ ನಡೆನುಡಿಯ ಲಕ್ಷಣಗಳಾಗಿದ್ದವು. ಎಲ್ಲ ಮನುಷ್ಯರೂ ಒಂದೇ ರಕ್ತದವರೆಂಬುದು ಆ ಮನೆಯಲ್ಲಿ ಮಕ್ಕಳಿಗೆ ಅಕ್ಷರದೊಡನೆಯೇ ಬಂದ ಪಾಠ. ಥಾಮಸನೂ ಅವನ ತಮ್ಮ ಜಾನನೂ ಶಾಲೆಗೆ ಹೋಗದೆ ತಂದೆಯ ಬಳಿಯಲ್ಲಿಯೇ ಗ್ರೀಕ್, ಲ್ಯಾಟಿನ್ ಮೊದಲಾದುವನ್ನು ಕಲಿತರು. ಬಾಲ್ಯದ ಆ ಪಾಠವನ್ನು ಥಾಮಸನು ಕಡೆಯವರೆಗೂ ಮರೆಯಲಿಲ್ಲ. ಅದಕ್ಕೆ ತಕ್ಕ ಬೆಲೆಯನ್ನೂ ತೆತ್ತನು.

ಮೊದಲು ಔಷಧಗಳನ್ನು ಸಿದ್ಧಪಡಿಸುವ ಕೆಲಸವನ್ನು ಕಲಿತು, ೧೮೧೯ರಲ್ಲಿ ಆತನು ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವಿದ್ಯಾರ್ಥಿಯಾದನು. ಅಲ್ಲಿಂದ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೋದನು. ನಡುವೆ ಪ್ಯಾರಿಸ್ ನಗರಕ್ಕೆ ತೆರಳಿ, ಎದೆಯ ಬಡಿತವನ್ನು ಕೊಳವೆಯ ಮೂಲಕ ಆಲಿಸುವ ಸ್ಟೆತಾಸ್ಕೋಪನ್ನು ಆಗತಾನೇ ಕಂಡುಹಿಡಿದಿದ್ದ ಲೆನೆಕ್ ಪಂಡಿತನ ಬಳಿಯಲ್ಲಿಯೇ ಆ ವಿದ್ಯೆಯನ್ನು ಅಭ್ಯಾಸ ಮಾಡಿದನು. ೧೮೨೩ರಲ್ಲಿ ಎಡಿನ್‌ಬರೋದಲ್ಲಿ ವೈದ್ಯಪದವಿಯನ್ನು ಪಡೆದನು. ಆಗ ಅವನು ಬರೆದ ಪ್ರಬಂಧದ ವಿಷಯವು ದೇಹವು ದ್ರವ್ಯಗಳನ್ನು ಹೀರಿಕೊಳ್ಳುವ ಕಾರ್ಯ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು; ಅವನ ಮುಂದಿನ ಶೋಧನೆಯ ಬೀಜವು ಇಲ್ಲಿಯೇ ಇತ್ತು. ಪ್ಯಾರಿಸ್ಸಿನಿಂದ ತಂದ ಸ್ಟೆತಾಸ್ಕೋಪನ್ನು ಗೈಸ್ ಆಸ್ಪತ್ರೆಯವರ ಮುಂದಿಟ್ಟು ಅದರ ಪ್ರಯೋಜನವನ್ನು ವಿವರಿಸಿದವರಲ್ಲಿ ಆತನೇ ಮೊದಲಿಗನು.

೧೮೨೬ರಲ್ಲಿ ಅದೇ ಆಸ್ಪತ್ರೆಯ ವೈದ್ಯಶಾಲೆಯಲ್ಲಿ ಅವನಿಗೆ ಒಂದು ಉದ್ಯೋಗ ದೊರೆಯಿತು. ಮೃತದೇಹಗಳನ್ನು ಪರೀಕ್ಷಿಸುವುದು, ಅಲ್ಲಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುವುದು ಇವು ಅವನ ಕೆಲಸಗಳು. ರೋಗಿಗಳ ಹಾಸಿಗೆಯ ಬಳಿ ನಿಂತು ಹೆಸರನ್ನೂ ಹಣವನ್ನೂ ಗಳಿಸುವ ವೈದ್ಯನ ಪದವಿ ಇದಲ್ಲ. ಆದರೂ ಹಾಜ್‌ಕಿನ್ನನು ಈ ಕೆಲಸವನ್ನು ತಪಸ್ಸಿನಂತೆ ಮಾಡಿದನು. ರೋಗಿ ಬದುಕಿದ್ದಾಗ ಕಂಡ ಲಕ್ಷಣಗಳಿಗೂ ಸತ್ತ ಮೇಲೆ ಅಂಗಾಂಗಗಳಲ್ಲಿ ಕಂಡ ವಿಕಾರಗಳಿಗೂ ಇರುವ ಸಂಬಂಧವನ್ನು ಒಂದೊಂದಾಗಿ ಗುರುತಿಸಿ ಬರೆದಿಟ್ಟನು. ಕೆಲವೇ ವರ್ಷಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕ ಮಾದರಿಗಳನ್ನು ವಿಂಗಡಿಸಿ ೧೮೨೯ರಲ್ಲಿ ಅವುಗಳ ಸೂಚಿಯನ್ನು ಪ್ರಕಟಿಸಿದನು. ಅದೇ ಆಸ್ಪತ್ರೆಯಲ್ಲಿ ಆ ಕಾಲದಲ್ಲಿ ರಿಚರ್ಡ್ ಬ್ರೈಟ್ ಮತ್ತು ಥಾಮಸ್ ಆಡಿಸನ್ ಎಂಬ ಇನ್ನಿಬ್ಬರು ಮಹಾವೈದ್ಯರಿದ್ದರು. ಮೂತ್ರಪಿಂಡದ ಒಂದು ರೋಗಕ್ಕೆ ಬ್ರೈಟನ ಹೆಸರೂ, ಮೂತ್ರಪಿಂಡದ ಮೇಲಿರುವ ಗ್ರಂಥಿಯ ರೋಗಕ್ಕೆ ಆಡಿಸನ್ನನ ಹೆಸರೂ ನಿಂತಿವೆ. ಒಂದೇ ಆಸ್ಪತ್ರೆಯಲ್ಲಿ ಒಂದೇ ಕಾಲಕ್ಕೆ ಇಂತಹ ಮೂವರು ಕೂಡಿದುದು ಅಪೂರ್ವವೇ ಸರಿ.

ಹಾಜ್‌ಕಿನ್ನನ ಕಣ್ಣು ಎಷ್ಟು ಚುರುಕಾಗಿತ್ತೆಂಬುದಕ್ಕೆ ಒಂದೆರಡು ನಿದರ್ಶನಗಳನ್ನು ಕೊಡುತ್ತೇವೆ. ಜೋಸೆಫ್ ಜಾಕ್ಸನ್ ಲಿಸ್ಟರ್ ಎಂಬಾತನು ಸುಧಾರಿಸಿದ ಸೂಕ್ಷ್ಮದರ್ಶಕವೊಂದನ್ನು ಸಿದ್ಧಪಡಿಸಿದ್ದನು. ಅವನ ಮಗನೇ ಮುಂದೆ ಶಸ್ತ್ರಚಿಕಿತ್ಸೆಯಲ್ಲಿ ಕ್ರಾಂತಿ ಮಾಡಿದ ಜೋಸೆಫ್ ಲಿಸ್ಟರ್. ಈ ಲಿಸ್ಟರನೂ ಹಾಜ್‌ಕಿನ್ನನೂ ಕೂಡಿ ೧೮೨೭ರಲ್ಲಿ ರಕ್ತವನ್ನು ಪರೀಕ್ಷಿಸಿ, ಕೆಂಪು ರಕ್ತಕಣವು ಗುಂಡಲ್ಲ, ಎರಡು ಕಡೆಯಲ್ಲಿಯೂ ನಡು ತಗ್ಗಾದ ಬಿಲ್ಲೆಯಂತಿದೆ ಎಂದು ತೋರಿಸಿಕೊಟ್ಟರು. ಹೃದಯದಿಂದ ಹೊರಡುವ ಮಹಾಧಮನಿಯ ಕವಾಟವು ಸರಿಯಾಗಿ ಮುಚ್ಚದೆ ರಕ್ತವು ಹಿಂದಕ್ಕೆ ಸೋರುವ ರೋಗವನ್ನೂ ಹಾಜ್‌ಕಿನ್ನನು ೧೮೩೨ಕ್ಕಿಂತ ಮೊದಲೇ ವರ್ಣಿಸಿದ್ದನು. ಆದರೆ ಆ ಕೀರ್ತಿ ೧೮೩೨ರಲ್ಲಿ ಬರೆದ ಕಾರಿಗನ್ ಎಂಬ ಐರಿಷ್ ವೈದ್ಯನಿಗೆ ಸಂದಿತು.

ಈಗ ಮುಖ್ಯವಾದ ಶೋಧನೆಗೆ ಬರುವೆವು. ಗಂಟಲು ನೋವು ಬಂದಾಗ ದವಡೆಯ ಕೆಳಗೆ ಗಂಟು ಕಟ್ಟುವುದನ್ನೂ, ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಯ ಸಂದಿಯಲ್ಲಿ ಗಡ್ಡೆ ಏಳುವುದನ್ನೂ ನಾವೆಲ್ಲರೂ ಬಲ್ಲೆವು. ಇವೇ ದುಗ್ಧಗ್ರಂಥಿಗಳು. ದೇಹದ ಊತಕಗಳಿಂದ ಬಸಿದು ಬರುವ ತಿಳಿಯಾದ ದುಗ್ಧರಸವು ಇವುಗಳ ಮೂಲಕ ಹಾದು ಮತ್ತೆ ರಕ್ತವನ್ನು ಸೇರುತ್ತದೆ. ದೇಹವನ್ನು ಕಾಯುವ ಬಿಳಿಯ ರಕ್ತಕಣಗಳ ಠಾಣೆಗಳೆಂದು ಇವುಗಳನ್ನು ಕರೆಯಬಹುದು. ಸೋಂಕು ಇಳಿದಾಗ ಗಂಟೂ ಇಳಿಯುವುದು ಸಹಜ. ಆದರೆ ಹಾಜ್‌ಕಿನ್ನನು ತಾನು ಪರೀಕ್ಷಿಸಿದ ಕೆಲವು ದೇಹಗಳಲ್ಲಿ ಬೇರೊಂದು ಬಗೆಯನ್ನು ಕಂಡನು. ಕುತ್ತಿಗೆ, ಕಂಕುಳು, ಎದೆ, ಹೊಟ್ಟೆ ಇವುಗಳ ಒಳಗಿನ ಗ್ರಂಥಿಗಳು ಸರಣಿಯಾಗಿ ಬೆಳೆದಿದ್ದವು, ಗುಲ್ಮವೂ ದೊಡ್ಡದಾಗಿತ್ತು. ಅಲ್ಲಿ ಕೀವಿರಲಿಲ್ಲ. ಕ್ಷಯರೋಗದ ಗಂಟಿನ ಲಕ್ಷಣವೂ ಇರಲಿಲ್ಲ. ಬೇರೆ ಅಂಗದ ಅರ್ಬುದವು ಹರಡಿ ಬಂದ ಗುರುತೂ ಇರಲಿಲ್ಲ. ಹಾಗಾದರೆ ಇದು ಆ ಗ್ರಂಥಿಗಳಲ್ಲಿಯೇ ಹುಟ್ಟಿದ ಸ್ವತಂತ್ರ ರೋಗವಾಗಿರಬೇಕೆಂದು ಆತನು ತರ್ಕಿಸಿದನು. ತಾನು ಕಂಡ ಆರು ರೋಗಿಗಳ ವೃತ್ತಾಂತಕ್ಕೆ, ತನ್ನ ಮಿತ್ರ ರಾಬರ್ಟ್ ಕಾರ್ಸ್‌ವೆಲ್ಲನು ಚಿತ್ರಿಸಿ ಕೊಟ್ಟ ಏಳನೆಯದೊಂದನ್ನು ಸೇರಿಸಿದನು. ಮೊದಲನೆಯ ರೋಗಿಯು ಸುಮಾರು ಒಂಬತ್ತು ವರ್ಷದ ಬಾಲಕನು. ಎಂದರೆ ನಮ್ಮ ಶಾಲೆಯ ನಾಲ್ಕನೆಯ ತರಗತಿಯ ಮಕ್ಕಳ ವಯಸ್ಸಿನವನು.

೧೮೩೨ನೆಯ ಜನವರಿ ತಿಂಗಳಲ್ಲಿ ಲಂಡನ್ನಿನ ವೈದ್ಯರ ಸಭೆಯೊಂದರಲ್ಲಿ ಈ ಪ್ರಬಂಧವನ್ನು ಓದಲಾಯಿತು. ಹಾಜ್‌ಕಿನ್ನನು ಆ ಸಭೆಯ ಸದಸ್ಯನಲ್ಲದುದರಿಂದ ಅದನ್ನು ಕಾರ್ಯದರ್ಶಿಯೇ ಓದಿದನು. ತಾನೇ ಇದನ್ನು ಮೊದಲು ಕಂಡೆನೆಂದು ಅವನು ಬೀಗಲಿಲ್ಲ. ಇಟಲಿಯ ಮಾಲ್ಪೀಗಿಯು ೧೬೬೬ರಲ್ಲಿಯೇ ಇಂತಹುದನ್ನು ಪ್ರಸ್ತಾಪಿಸಿರುವನೆಂದು ತಾನಾಗಿಯೇ ತಿಳಿಸಿದನು. ಸೂಕ್ಷ್ಮದರ್ಶಕವನ್ನು ಚೆನ್ನಾಗಿ ಬಲ್ಲವನಾದರೂ ಈ ಶೋಧನೆಯನ್ನು ಬರಿಗಣ್ಣಿನಿಂದಲೇ ಮಾಡಿದ್ದನೆಂಬುದು ಗಮನಾರ್ಹ. ಪ್ರಬಂಧ ಅಚ್ಚಾಯಿತು. ಆದರೆ ಅದನ್ನು ಲಕ್ಷಿಸಿದವರು ವಿರಳ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಅದು ಗ್ರಂಥಾಲಯದ ಧೂಳಿನಲ್ಲಿಯೇ ಉಳಿಯಿತು.

ಈ ನಡುವೆ ಅವನ ಬಾಳಿನ ಕಠಿಣ ಪರೀಕ್ಷೆಯು ಒದಗಿತು. ಗೈಸ್ ಆಸ್ಪತ್ರೆಯ ಸಕಲ ಆಡಳಿತವೂ ಬೆಂಜಮಿನ್ ಹ್ಯಾರಿಸನ್ ಎಂಬ ಖಜಾಂಚಿಯ ಕೈಯಲ್ಲಿತ್ತು. ಆತನು ದಕ್ಷನು, ಆದರೆ ತನ್ನ ಮಾತಿಗೆ ಎದುರು ಮಾತನ್ನು ಸಹಿಸತಕ್ಕವನಲ್ಲ. ಕೆನಡಾ ದೇಶದಲ್ಲಿ ತುಪ್ಪುಳು ಚರ್ಮಗಳ ವ್ಯಾಪಾರ ನಡೆಸುತ್ತಿದ್ದ ಹಡ್ಸನ್ಸ್ ಬೇ ಕಂಪನಿಯ ಆಡಳಿತ ಮಂಡಳಿಯಲ್ಲಿಯೂ ಆತನಿದ್ದನು. ಆ ಪ್ರದೇಶದ ಮೂಲನಿವಾಸಿಗಳು ವ್ಯಾಪಾರದ ದೆಸೆಯಿಂದ ಮದ್ಯಕ್ಕೂ ಹಸಿವಿಗೂ ರೋಗಕ್ಕೂ ತುತ್ತಾಗುತ್ತಿರುವುದನ್ನು ಹಾಜ್‌ಕಿನ್ನನು ತಿಳಿದನು. ತಿಳಿದೂ ಸುಮ್ಮನಿರಲು ಅವನ ಮನಸ್ಸು ಒಪ್ಪಲಿಲ್ಲ. ತನ್ನ ಭವಿಷ್ಯವನ್ನು ಕೈಯಲ್ಲಿ ಹಿಡಿದಿದ್ದ ಆ ಹ್ಯಾರಿಸನ್ನನಿಗೇ ಪತ್ರ ಬರೆದು ಆ ಜನರ ದುಃಸ್ಥಿತಿಯನ್ನು ವಿವರಿಸಿದನು. ಒಮ್ಮೆ ಅಮೆರಿಕದ ಮೂಲನಿವಾಸಿಯೊಬ್ಬನನ್ನು ಅವನ ದೇಶದ ವೇಷದಲ್ಲಿಯೇ ತನ್ನ ಬಂಡಿಯಲ್ಲಿ ಕುಳ್ಳಿರಿಸಿಕೊಂಡು ಆಸ್ಪತ್ರೆಗೆ ಕರೆತಂದನೆಂದೂ, ಅದನ್ನು ಕಂಡು ಖಜಾಂಚಿಯು ಕೆರಳಿದನೆಂದೂ ಹೇಳುವುದುಂಟು.

೧೮೩೭ರಲ್ಲಿ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯನ ಸ್ಥಾನವೊಂದು ತೆರವಾಯಿತು. ವಿದ್ಯೆ, ಅನುಭವ, ಸೇವೆ ಯಾವುದರಿಂದ ಅಳೆದರೂ ಹಾಜ್‌ಕಿನ್ನನು ಅದಕ್ಕೆ ಅರ್ಹನಾಗಿದ್ದನು. ಸ್ಥಾನವು ಬೆಂಜಮಿನ್ ಬ್ಯಾಬಿಂಗ್ಟನ್ ಎಂಬ ಬೇರೊಬ್ಬನಿಗೆ ದೊರೆಯಿತು. ಹಾಜ್‌ಕಿನ್ನನು ತಾನು ಹನ್ನೊಂದು ವರ್ಷ ಕಟ್ಟಿ ಬೆಳೆಸಿದ ಸಂಗ್ರಹಾಲಯವನ್ನೂ ಉಪನ್ಯಾಸಪೀಠವನ್ನೂ ಬಿಟ್ಟು ಹೊರನಡೆದನು. ಆಗ ಅವನಿಗೆ ಮೂವತ್ತೊಂಬತ್ತು ವರ್ಷ. ಮುಂದೆ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅಲ್ಪಕಾಲ ಪಾಠ ಹೇಳಿದುದನ್ನು ಬಿಟ್ಟರೆ, ಶಾಸ್ತ್ರಜ್ಞನಾಗಿ ಅವನ ಬಾಳು ಅಲ್ಲಿಗೇ ಮುಗಿಯಿತೆಂದು ಹೇಳಬಹುದು. ಒಂದು ಪತ್ರವನ್ನು ಬರೆಯದೆ ಇದ್ದಿದ್ದರೆ, ಒಮ್ಮೆ ಕಣ್ಣು ಮುಚ್ಚಿಕೊಂಡಿದ್ದರೆ, ಅವನ ಕೈಯಿಂದ ಇನ್ನೆಷ್ಟು ಶೋಧನೆಗಳು ಹೊರಬರುತ್ತಿದ್ದವೋ! ವೈದ್ಯಶಾಸ್ತ್ರಕ್ಕೆ ಇದರಿಂದ ನಷ್ಟವಾಯಿತೆಂಬುದನ್ನು ನಾವು ಅಲ್ಲಗಳೆಯಲಾರೆವು. ಆದರೆ ಕಂಡುದನ್ನು ಕಂಡಂತೆ ಹೇಳುವ ಯಾವ ಗುಣವು ಅವನಿಂದ ಆ ಪತ್ರವನ್ನು ಬರೆಯಿಸಿತೋ, ಅದೇ ಗುಣವು ಗ್ರಂಥಿಗಳ ರೋಗವನ್ನೂ ಅವನಿಗೆ ಕಾಣಿಸಿತ್ತು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವುದು ಅವನಿಗೆ ಸಾಧ್ಯವಿರಲಿಲ್ಲ.

ಅದೇ ೧೮೩೭ರಲ್ಲಿ ಆತನು ಮುಂದಾಳಾಗಿ ನಿಂತು ಮೂಲನಿವಾಸಿಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದನು. ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಗಳಲ್ಲಿ ವಲಸೆಗಾರರಿಂದ ನೆಲ ಕಳೆದುಕೊಳ್ಳುತ್ತಿದ್ದ ಜನರ ಪರವಾಗಿ ಆ ಸಂಘವು ಮನವಿಗಳನ್ನು ಸಲ್ಲಿಸುತ್ತ, ವರದಿಗಳನ್ನು ಪ್ರಕಟಿಸುತ್ತ ಬಂದಿತು. ೧೯೦೯ರಲ್ಲಿ ಗುಲಾಮಗಿರಿ ವಿರೋಧಿ ಸಂಘದಲ್ಲಿ ಸೇರಿಹೋಯಿತು. ಅವನ ಎಲ್ಲ ಅಭಿಪ್ರಾಯಗಳನ್ನೂ ಎಲ್ಲರೂ ಒಪ್ಪಿದರೆಂದಲ್ಲ. ಬಿಡುಗಡೆ ಹೊಂದಿದ ಗುಲಾಮರನ್ನು ಅಮೆರಿಕದಿಂದ ಆಫ್ರಿಕಕ್ಕೆ ಕಳುಹಿಸಿ ನೆಲೆಗೊಳಿಸುವ ಯೋಜನೆಯನ್ನು ಅವನು ಬೆಂಬಲಿಸಿದಾಗ ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಅನೇಕ ಮಿತ್ರರೇ ಅಸಮಾಧಾನಗೊಂಡರು. ಸತ್ಪುರುಷರ ಎಣಿಕೆಯೂ ತಪ್ಪಬಹುದೆಂಬುದಕ್ಕೆ ಇದನ್ನು ಹೇಳಿದೆವು.

ಮನೆಯ ಸುಖವೂ ಅವನಿಗೆ ತಡವಾಗಿಯೇ ಬಂದಿತು. ಯೌವನದಲ್ಲಿ ಆತನು ಒಲಿದಿದ್ದುದು ತನ್ನ ಹತ್ತಿರದ ಬಂಧುವಾದ ಒಬ್ಬ ಕನ್ಯೆಯನ್ನು. ನಮ್ಮ ಕಡೆಯಲ್ಲಿ ಸೋದರ ಸಂಬಂಧವು ವಾಡಿಕೆಯಾದರೂ ಕ್ವೇಕರ್ ಪಂಥದ ಕಟ್ಟಳೆಗೆ ಅದು ನಿಷಿದ್ಧ. ಕಟ್ಟಳೆಯನ್ನು ಸಡಿಲಿಸಬೇಕೆಂದು ಹಿರಿಯರಿಗೆ ಬಿನ್ನವಿಸಿಕೊಂಡನು, ಅವರು ಒಪ್ಪಲಿಲ್ಲ. ಪಂಥವನ್ನು ತೊರೆಯಲು ಅವನು ಇಚ್ಛಿಸಲಿಲ್ಲ. ಐವತ್ತು ದಾಟಿದ ಮೇಲೆ ವಿಧವೆಯಾಗಿದ್ದ ಸಾರಾ ಸ್ಕೇಫ್ ಎಂಬವಳನ್ನು ಮದುವೆಯಾಗಿ ನೆಮ್ಮದಿಯಿಂದ ಬಾಳಿದನು. ಬಡವರಿಗೆ ಚಿಕಿತ್ಸೆ ಮಾಡಿ ಹಣ ಕೇಳಲು ಅವನಿಗೆ ನಾಲಗೆ ಏಳುತ್ತಿರಲಿಲ್ಲ. ಧನಿಕನೊಬ್ಬನು ಮೊತ್ತ ಬರೆಯದ ಚೆಕ್ಕನ್ನು ಕೊಟ್ಟಾಗಲೂ ಅತ್ಯಲ್ಪ ಮೊತ್ತವನ್ನೇ ಬರೆದುಕೊಂಡನೆಂದು ಪ್ರತೀತಿಯಿದೆ.

ಯೆಹೂದ್ಯ ದಾನಶೂರನಾದ ಸರ್ ಮೋಸೆಸ್ ಮಾಂಟಿಫಿಯೋರನು ಹಾಜ್‌ಕಿನ್ನನ ಬಹುಕಾಲದ ಮಿತ್ರನು. ಇಬ್ಬರ ಮತ ಬೇರೆ, ಸಂಪತ್ತು ಬೇರೆ. ಆದರೆ ಅನ್ಯರ ಸಂಕಟಕ್ಕೆ ಮರುಗುವ ಮನಸ್ಸು ಒಂದೇ. ಕಷ್ಟದಲ್ಲಿದ್ದ ಯೆಹೂದ್ಯರ ನೆರವಿಗಾಗಿ ಮಾಂಟಿಫಿಯೋರನು ಮೊರಾಕ್ಕೊ ಮೊದಲಾದ ದೂರದೇಶಗಳಿಗೆ ಹೋದಾಗ ಹಾಜ್‌ಕಿನ್ನನು ವೈದ್ಯನಾಗಿ ಜೊತೆಗೆ ನಡೆದನು. ೧೮೬೬ರಲ್ಲಿ ಇಬ್ಬರೂ ಪ್ಯಾಲಸ್ತೀನಕ್ಕೆ ಹೊರಟರು. ಜಾಫಾ ಎಂಬ ರೇವುಪಟ್ಟಣದಲ್ಲಿ ಹಾಜ್‌ಕಿನ್ನನು ಆಮಶಂಕೆಯಿಂದ ಹಾಸಿಗೆ ಹಿಡಿದನು. ಮಿತ್ರನು ಜೆರೂಸಲೇಮಿಗೆ ಮುಂದುವರಿಯಬೇಕಾಯಿತು. ಆ ಏಪ್ರಿಲ್ ತಿಂಗಳ ಆರಂಭದಲ್ಲಿ, ಸ್ವದೇಶದಿಂದಲೂ ಪತ್ನಿಯಿಂದಲೂ ದೂರವಾಗಿ, ಅರುವತ್ತೇಳನೆಯ ವಯಸ್ಸಿನಲ್ಲಿ ಆತನು ಕೊನೆಯುಸಿರೆಳೆದನು. ಜಾಫಾದಲ್ಲಿಯೇ ಅವನ ಸಮಾಧಿಯಾಯಿತು. ಅದರ ಮೇಲೆ ಮಾಂಟಿಫಿಯೋರನು ಕಲ್ಲಿನ ಸ್ತಂಭವೊಂದನ್ನು ನಿಲ್ಲಿಸಿದನು.

ಅವನು ತೀರಿಕೊಳ್ಳುವ ಹಿಂದಿನ ವರ್ಷ, ೧೮೬೫ರಲ್ಲಿ, ಅದೇ ಗೈಸ್ ಆಸ್ಪತ್ರೆಯ ಸ್ಯಾಮ್ಯುಯೆಲ್ ವಿಲ್ಕ್ಸ್ ಎಂಬ ವೈದ್ಯನು ಈ ರೋಗಕ್ಕೆ ಹಾಜ್‌ಕಿನ್ನನ ಹೆಸರನ್ನಿಟ್ಟನು. ವಿಲ್ಕ್ಸನು ಈ ರೋಗವನ್ನು ಸ್ವತಂತ್ರವಾಗಿ ಕಂಡುಹಿಡಿದಿದ್ದನು. ತನಗಿಂತ ಮೊದಲೇ ಮತ್ತೊಬ್ಬನು ಅದನ್ನು ವರ್ಣಿಸಿರುವನೆಂದು ತಿಳಿದಾಗ, ಮರೆಮಾಚದೆ ಆ ಗೌರವವನ್ನು ಅವನಿಗೇ ಒಪ್ಪಿಸಿದನು. ಆಸ್ಪತ್ರೆಯು ಕೊಡದಿದ್ದ ಸ್ಥಾನವನ್ನು ಅದೇ ಆಸ್ಪತ್ರೆಯ ಕಿರಿಯನೊಬ್ಬನು ಹೀಗೆ ದೊರಕಿಸಿಕೊಟ್ಟನು. ೧೮೯೮ರಲ್ಲಿ ಸ್ಟರ್ನ್‌ಬರ್ಗನೂ ೧೯೦೨ರಲ್ಲಿ ಡೊರೊಥಿ ರೀಡ್ ಎಂಬ ವೈದ್ಯೆಯೂ ಈ ರೋಗದ ವಿಶಿಷ್ಟವಾದ ದೊಡ್ಡ ಜೀವಕೋಶವನ್ನು ವಿವರಿಸಿದರು. ೧೯೨೬ರಲ್ಲಿ, ಹಾಜ್‌ಕಿನ್ನನು ತೆಗೆದಿರಿಸಿದ್ದ ಮಾದರಿಗಳಲ್ಲಿ ಉಳಿದಿದ್ದುವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಆ ರೋಗದ ಗುರುತು ಅವುಗಳಲ್ಲಿ ಕೆಲವುಗಳಲ್ಲಿ ಸ್ಪಷ್ಟವಾಗಿ ಕಂಡಿತು. ನೂರು ವರ್ಷಕ್ಕೆ ಸಮೀಪವಾಗಿದ್ದರೂ ಬರಿಗಣ್ಣಿನ ಸಾಕ್ಷ್ಯವು ಸುಳ್ಳಾಗಿರಲಿಲ್ಲ.

ಹಾಜ್‌ಕಿನ್ನನ ಕಾಲದಲ್ಲಿ ಈ ರೋಗಕ್ಕೆ ಮದ್ದಿರಲಿಲ್ಲ. ಇಂದು ಹಾಗಿಲ್ಲ. ಕ್ಷಕಿರಣ ಚಿಕಿತ್ಸೆಯಿಂದ ರೋಗವನ್ನು ನಿರ್ಮೂಲ ಮಾಡಬಹುದೆಂಬ ಭರವಸೆ ೧೯೫೦ರ ವೇಳೆಗೆ ಮೂಡಿತು. ೧೯೬೦ರ ದಶಕದಲ್ಲಿ ಅಮೆರಿಕದ ವೈದ್ಯರು ನಾಲ್ಕು ಔಷಧಗಳನ್ನು ಕೂಡಿಸಿ ಕೊಡುವ ಕ್ರಮವನ್ನು ರೂಪಿಸಿದರು. ೧೯೭೦ರ ದಶಕದಲ್ಲಿ ಇಟಲಿಯ ಬೊನಡೊನ್ನನು ಇನ್ನೊಂದು ಕ್ರಮವನ್ನು ರೂಪಿಸಿದನು. ಅದರಲ್ಲಿ ಸೇರಿರುವ ವಿನ್‌ಬ್ಲಾಸ್ಟಿನ್ ಎಂಬ ಔಷಧವು ಮೊದಲು ದೊರೆತದ್ದು ನಮ್ಮ ಅಂಗಳಗಳಲ್ಲಿ ದಿನವೂ ಅರಳುವ ನಿತ್ಯಪುಷ್ಪದ ಗಿಡದಿಂದ. ಗಿಡವು ವಿಷಯುಕ್ತವಾದುದರಿಂದ ಅದರ ಎಲೆಯನ್ನು ಬಾಯಿಗಿಡಬಾರದೆಂದು ಮಕ್ಕಳಿಗೆ ಎಚ್ಚರಿಕೆ ಹೇಳುತ್ತೇವೆ. ಇಂದು ಹಾಜ್‌ಕಿನ್ ಲಿಂಫೋಮಾ ಬಂದ ಬಹುಮಂದಿ ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಗುಣಹೊಂದುತ್ತಾರೆ.

ಮನುಷ್ಯನ ಕಣ್ಣು ಈಗ ಗ್ರಂಥಿಯನ್ನು ದಾಟಿ ಜೀವಕೋಶದ ಒಳಗನ್ನೇ ಹೊಕ್ಕಿದೆ. ಪ್ರತಿಯೊಂದು ಜೀವಕೋಶವೂ ತನ್ನೊಳಗಿನ ಸವೆದ ಭಾಗಗಳನ್ನು ಚೀಲದಲ್ಲಿ ಕಟ್ಟಿ, ಜೀರ್ಣರಸವಿರುವ ಇನ್ನೊಂದು ಚೀಲಕ್ಕೆ ಒಪ್ಪಿಸಿ, ಅರಗಿಸಿ, ಆ ದ್ರವ್ಯವನ್ನು ಮರಳಿ ಬಳಸಿಕೊಳ್ಳುತ್ತದೆ. ಬೆಲ್ಜಿಯಂ ದೇಶದ ಕ್ರಿಶ್ಚಿಯನ್ ಡಿ ಡ್ಯೂವ್ ಎಂಬ ವಿಜ್ಞಾನಿಯು ೧೯೬೩ರಲ್ಲಿ ಇದಕ್ಕೆ ಆಟೋಫೇಜಿ, ಎಂದರೆ ಸ್ವಭಕ್ಷಣ, ಎಂದು ಹೆಸರಿಟ್ಟನು. ಜಪಾನಿನ ಯೋಶಿನೋರಿ ಓಸುಮಿ ಅವರು ಹುದುಗುಬರಿಸುವ ಯೀಸ್ಟಿನಲ್ಲಿ ಇದರ ಕೀಲನ್ನು ಬಿಡಿಸಿ ೨೦೧೬ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ದುಗ್ಧಗ್ರಂಥಿಯ ಅರ್ಬುದದಲ್ಲಿ ಈ ಸ್ವಭಕ್ಷಣವು ಎರಡಲುಗಿನ ಕತ್ತಿಯಂತಿದೆ. ಅದನ್ನು ನಡೆಸುವ ಬೆಕ್ಲಿನ್ ಎಂಬ ಪ್ರೋಟೀನಿನ ಜೋಡಿ ವಂಶವಾಹಿಗಳಲ್ಲಿ ಒಂದನ್ನು ಕಳೆದುಕೊಂಡ ಇಲಿಗಳಲ್ಲಿ ಲಿಂಫೋಮಾ ಮೊದಲಾದ ಅರ್ಬುದಗಳು ಹೆಚ್ಚಾಗಿ ಹುಟ್ಟುವುದು ೨೦೦೩ರಲ್ಲಿ ಕಂಡುಬಂದಿತು. ಆದುದರಿಂದ ಮನೆಯ ಕಸವನ್ನು ಆಗಾಗ ಗುಡಿಸುವಂತೆ ಸ್ವಭಕ್ಷಣವು ಮೊದಲಲ್ಲಿ ಕಾವಲುಗಾರನು. ಆದರೆ ಅರ್ಬುದವು ಬೇರೂರಿದ ಮೇಲೆ, ಔಷಧದ ಏಟಿಗೆ ಸಿಕ್ಕಿದ ದುಷ್ಟ ಜೀವಕೋಶವು ಬರಗಾಲದಲ್ಲಿ ಹಗೇವಿನ ಕಾಳನ್ನು ತೆಗೆದು ತಿನ್ನುವವನಂತೆ ತನ್ನನ್ನೇ ಒಂದಿಷ್ಟು ತಿಂದು ಪ್ರಾಣ ಉಳಿಸಿಕೊಳ್ಳುತ್ತದೆ. ಮಲೇರಿಯಕ್ಕೆಂದು ನಾವು ಬಲ್ಲ ಕ್ಲೋರೋಕ್ವಿನ್ ಔಷಧವು ಆ ಜೀರ್ಣಚೀಲದ ಆಮ್ಲತೆಯನ್ನು ಕೆಡಿಸುತ್ತದೆ. ಲಿಂಫೋಮಾ ಇದ್ದ ಇಲಿಗಳಲ್ಲಿ ಹೀಗೆ ಸ್ವಭಕ್ಷಣವನ್ನು ತಡೆದಾಗ ಚಿಕಿತ್ಸೆಯ ಬಲ ಹೆಚ್ಚಿದುದು ೨೦೦೭ರಲ್ಲಿ ವರದಿಯಾಯಿತು. ಮನುಷ್ಯರಲ್ಲಿ ಇದನ್ನು ಯಾವಾಗ ತಡೆಯಬೇಕು, ಯಾವಾಗ ಪ್ರಚೋದಿಸಬೇಕು ಎಂಬ ವಿಚಾರವು ಇನ್ನೂ ಸಂಶೋಧನೆಯಲ್ಲಿದೆ.

ದೇಹವು ಹೀರಿಕೊಳ್ಳುವ ಬಗೆಯನ್ನು ಕುರಿತು ಬರೆದ ತರುಣನ ಪ್ರಬಂಧದಿಂದ ಹೊರಟ ದಾರಿಯು, ಜೀವಕೋಶವು ತನ್ನನ್ನೇ ಅರಗಿಸಿಕೊಳ್ಳುವ ರಹಸ್ಯದವರೆಗೆ ಬಂದು ನಿಂತಿದೆ. ನಮ್ಮ ಈ ಮುಂಬಯಿ ನಗರದ ಪರೇಲಿನಲ್ಲಿ ೧೯೪೧ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯಿದೆ. ಅದರ ಮುಂದೆ ಹಾದುಹೋಗುವಾಗ ನಮ್ಮ ವಿದ್ಯಾರ್ಥಿಗಳು ದೂರದೂರುಗಳಿಂದ ಬಂದು ಕಾಲುದಾರಿಯ ಮೇಲೆ ಕುಳಿತಿರುವ ರೋಗಿಗಳನ್ನೂ ಅವರ ಬಂಧುಗಳನ್ನೂ ಕಂಡಿರಬಹುದು. ಅವರಲ್ಲಿ ಯಾವುದೋ ಒಂಬತ್ತು ವರ್ಷದ ಬಾಲಕನು ಗುಣಹೊಂದಿ ತನ್ನ ಊರಿಗೆ ಮರಳಿದರೆ, ಲಂಡನ್ನಿನ ಆ ಮೊದಲನೆಯ ಬಾಲಕನ ಮರಣವೂ ಅವನನ್ನು ಕಣ್ಣಿಟ್ಟು ನೋಡಿದ ವೈದ್ಯನ ಶ್ರಮವೂ ವ್ಯರ್ಥವಾಗಲಿಲ್ಲವೆಂದೇ ನಾವು ತಿಳಿಯಬೇಕು.

ಹಾಜ್‌ಕಿನ್ನನು ಬಯಸಿದ ಪದವಿ ಅವನಿಗೆ ದಕ್ಕಲಿಲ್ಲ. ಬಯಸದಿದ್ದ ಕೀರ್ತಿ ಹುಡುಕಿಕೊಂಡು ಬಂದಿತು. ಪರೀಕ್ಷೆಯಲ್ಲಿ ಮೇಲಿನ ಸ್ಥಾನವನ್ನೂ ಮುಂದೆ ಒಳ್ಳೆಯ ಉದ್ಯೋಗವನ್ನೂ ಗಳಿಸಬೇಕೆಂಬ ಹಂಬಲ ನಮ್ಮ ಮಕ್ಕಳಿಗೆ ಇರುವುದು ಸಹಜ, ಇರಲೂಬೇಕು. ಆದರೆ ಕಣ್ಣಮುಂದಿನ ಅನ್ಯಾಯವನ್ನು ಹೇಳಿದರೆ ಆ ಸ್ಥಾನ ಕೈತಪ್ಪುವ ಸಮಯವೊಂದು ಅವರ ಬಾಳಿನಲ್ಲಿಯೂ ಬರಬಹುದು. ಅಂದು ಅವರು ಜಾಫಾದ ಕಡಲತೀರದಲ್ಲಿ ಮಲಗಿರುವ ಈ ವೈದ್ಯನನ್ನು ಒಮ್ಮೆ ನೆನೆದರೆ ನಮ್ಮ ಬರಹವು ಸಾರ್ಥಕವಾಗುತ್ತದೆ.